ಕಬ್ವೆಯ ಅಂಗಳದ ಮಣ್ಣು, ಮಕ್ಕಳ ರಕ್ತದಲ್ಲಿ ಸೀಸ: ಇದನ್ನು ತೆಗೆಯೋರು ಯಾರು?

ಮೇಷ್ಟ್ರಮಗಳು:
ಸುಮಾರು ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಇವತ್ತು ಕೂತೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮಪ್ಪ ಎಂಬತ್ತರ ದಶಕದಲ್ಲಿ ಜಾಂಬಿಯಾದ ಕಬ್ವೆ ಊರಲ್ಲಿ ಲೆಕ್ಕದ ಮೇಷ್ಟ್ರು. ಐದು ವರ್ಷದಿಂದ ಒಂಬತ್ತು ವರ್ಷದವರೆಗೆ ನಾನು ಅಲ್ಲೇ ಬೆಳೆದೆ. ಊರ ಪಕ್ಕದಲ್ಲೇ ಸೀಸ ಮತ್ತು ಸತುವಿನ ಗಣಿ. ಬ್ರಿಟಿಷರ ಕಾಲದಲ್ಲಿ ಆ ಊರಿಗೆ ಬ್ರೋಕನ್ ಹಿಲ್ ಅಂತಲೇ ಹೆಸರು. 1921ರಲ್ಲಿ ಆ ಗಣಿಯಲ್ಲೇ ಒಂದು ಪುರಾತನ ಮನುಷ್ಯನ ತಲೆಬುರುಡೆ ಸಿಕ್ಕಿತ್ತು, ಅದನ್ನು ಲಂಡನ್ನಿಗೆ ಹೊತ್ತುಕೊಂಡು ಹೋದರು. ಶಾಲೆಯಲ್ಲಿ ನಮಗೆ ಬುರುಡೆಯ ಕತೆ ಹೇಳಿದರೇ ಹೊರತು ಸೀಸದ ಕತೆ ಯಾರೂ ಹೇಳಲಿಲ್ಲ.

ನನಗೆ ಚೆನ್ನಾಗಿ ನೆನಪಿರುವುದು ಬೆಳಗಿನ ಹೊತ್ತು. ಪಕ್ಕದ ಮನೆಯ ಹೆಂಗಸು, ನಾವು ಅವರನ್ನು ಅಮಾಯಿ ಅಂತಿದ್ದೆವು, ಸೂರ್ಯ ಹುಟ್ಟೋ ಮುಂಚೆ ಎದ್ದು ಕಡ್ಡಿ ಪೊರಕೆ ಹಿಡಿದು ಅಂಗಳ ಗುಡಿಸೋರು. ಒಂದು ಹುಲ್ಲುಕಡ್ಡಿ ಬಿಡುತ್ತಿರಲಿಲ್ಲ. ಹುಲ್ಲಿದ್ದರೆ ಹಾವು ಬರುತ್ತೆ, ನೋಡಿದವರು ಸೋಮಾರಿ ಅಂತಾರೆ. ಗುಡಿಸಿದ ಮೇಲೆ ಅಂಗಳದ ತುಂಬಾ ಬಾಚಣಿಗೆ ಎಳೆದ ಹಾಗೆ ಗೆರೆ ಬೀಳೋದು. ಥೇಟ್ ನಮ್ಮಜ್ಜಿಯ ಅಂಗಳದ ಹಾಗೇ, ಸಗಣಿ ನೀರು, ರಂಗೋಲಿ ಇರಲಿಲ್ಲ ಅಷ್ಟೇ. ನಾವು ಮಕ್ಕಳು ಆ ಗೆರೆಗಳ ಮೇಲೆ ಮೊದಲ ಹೆಜ್ಜೆ ಯಾರದು ಅಂತ ಜಗಳ ಆಡಿಕೊಂಡು ಬರಿಗಾಲಲ್ಲಿ ಓಡುತ್ತಿದ್ದೆವು.

ಈಗ ಓದಿದ ಮೇಲೆ ಗೊತ್ತಾಗುತ್ತಿದೆ, ಅಲ್ಲಿನ ವಿಷ ಇದ್ದದ್ದೇ ಆ ಅಂಗಳದಲ್ಲಿ. ಗಣಿ ಶುರುವಾಗಿದ್ದು 1900ರ ಆಸುಪಾಸಿನಲ್ಲಿ, ಮುಚ್ಚಿದ್ದು 1994ರಲ್ಲಿ. ತೊಂಬತ್ತು ವರ್ಷದ ಹೊಗೆ, ಧೂಳು ಎಲ್ಲಾ ಮೇಲ್ಮಣ್ಣಿನಲ್ಲೇ ಕೂತಿದೆ. ಸೀಸ ಕೊಳೆಯಲ್ಲ, ಕರಗಿ ಹೋಗಲ್ಲ. ಗಣಿ ಪಕ್ಕದ ಕಸದ ಗುಡ್ಡ ಇನ್ನೂ ಅಲ್ಲೇ ಇದೆ, ಜನ ಅದನ್ನು ಕಪ್ಪು ಬೆಟ್ಟ ಅಂತಾರೆ. ಗಣಿ ಮುಚ್ಚಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆದಮೇಲೂ ಕಾಸಾಂಡಾ, ಚೋವಾ, ಮಕುಲುಲು ಬಡಾವಣೆಗಳ 246 ಪುಟ್ಟ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದವರೂ ಜಾಂಬಿಯಾದವರೂ ಸೇರಿ ಮಾಡಿದ್ದು, 2015ರಲ್ಲಿ ಪ್ರಕಟವಾಯಿತು. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದ ಮಗು ಒಂದೂ ಇರಲಿಲ್ಲ. ಒಂದೂ! ಕೆಲವು ಮಕ್ಕಳದು 150 ದಾಟಿತ್ತು.

ಇದನ್ನು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಮಾಯಿಯ ಐದು ಮಕ್ಕಳಲ್ಲಿ ಒಬ್ಬ ಮೂರನೇ ಕ್ಲಾಸಿನಲ್ಲೇ ಮೂರು ವರ್ಷ ಕೂತಿದ್ದ. ಅಪ್ಪ ಅವನನ್ನು ಮನೆಗೆ ಕರೆದು ಮಗ್ಗಿ ಹೇಳಿಕೊಡುತ್ತಿದ್ದರು, ಮಾರನೇ ದಿನ ಬಂದರೆ ಎಲ್ಲಾ ಮರೆತಿರುತ್ತಿದ್ದ. ದಡ್ಡ ಅಂತ ನಾವೆಲ್ಲ ನಗುತ್ತಿದ್ದೆವು. ಸೀಸದಿಂದಲೇ ಹಾಗಾಯಿತು ಅಂತ ನಾನು ಹೇಳಕ್ಕಾಗಲ್ಲ, ಅವನ ರಕ್ತ ಯಾರೂ ನೋಡಿಲ್ಲವಲ್ಲ. ಆದರೆ ನಕ್ಕಿದ್ದು ಮಾತ್ರ ನೆನಪಿದೆ.

ಇಲ್ಲಿ ಆಫ್ರಿಕಾದಲ್ಲಿ ಇರೋರು, ಇದ್ದು ಬಂದೋರು ಸುಮಾರು ಜನ ಇದ್ದೀರಿ. ನಿಮ್ಮ ಕಡೆ ಏನು ನೋಡಿದಿರಿ, ಎಲ್ಲಾದರೂ ಸರಿಯಾಗಿ ಕ್ಲೀನ್ ಮಾಡಿದ್ದಾರಾ, ಬರೆಯಿರಿ.

ಬೆಣ್ಣೆದೋಸೆ_ಡಾಕ್ಟ್ರು:
ಮೇಡಂ, ಒಳ್ಳೆ ವಿಷಯ ಎತ್ತಿದಿರಿ. ನಾನು ಮಕ್ಕಳ ಡಾಕ್ಟರು, ದಾವಣಗೆರೆ. ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ದೇಹಕ್ಕೆ ಸೀಸ ಯಾವುದು, ಕ್ಯಾಲ್ಸಿಯಂ ಯಾವುದು ಅಂತ ಸರಿಯಾಗಿ ಗುರುತು ಸಿಗಲ್ಲ. ಕ್ಯಾಲ್ಸಿಯಂ ಬಂತು ಅಂತ ಬಾಗಿಲು ತೆಗೆಯುತ್ತೆ, ಸೀಸ ಒಳಗೆ ಬರುತ್ತೆ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ಒಳಗೆ ಸೇರಿದರೆ ಪುಟ್ಟ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಸೇರುತ್ತೆ. ಹೊಟ್ಟೆ ಖಾಲಿ ಇದ್ದರೆ, ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಅಂದರೆ ಬಡವರ ಮನೆ ಮಕ್ಕಳಿಗೆ ಎರಡು ಪೆಟ್ಟು. ತೆವಳುವ ಮಗು ಕೈ ನೆಲಕ್ಕೆ ಊರುತ್ತೆ, ಅದೇ ಕೈ ಬಾಯಿಗೆ. ಇದಕ್ಕಿಂತ ಸಲೀಸಾದ ದಾರಿ ಬೇರೆ ಬೇಕಾ?

ಆಮೇಲೆ ಅದು ಮೂಳೆಯಲ್ಲಿ ಸೇರಿಕೊಂಡು ಹತ್ತಾರು ವರ್ಷ ಕೂರುತ್ತೆ. ಹೆಣ್ಣುಮಗು ಬೆಳೆದು ಬಸುರಿ ಆದಾಗ ಮೂಳೆಯಿಂದ ಕ್ಯಾಲ್ಸಿಯಂ ಜೊತೆಗೆ ಸೀಸವೂ ಎದ್ದು ಹೊಟ್ಟೆಯಲ್ಲಿರುವ ಕೂಸಿಗೆ ಹೋಗುತ್ತೆ.

5 ದಾಟಿದರೆ ಎಲ್ಲಿಂದ ಬರುತ್ತಿದೆ ಹುಡುಕಿ ನಿಲ್ಲಿಸಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 45 ಆದರೆ ಸಣ್ಣ ಮಕ್ಕಳಿಗೆ ಮದ್ದು ಶುರು ಮಾಡಬೇಕು. ಡಿಎಂಎಸ್‌ಎ ಅಂತ ಕ್ಯಾಪ್ಸೂಲ್, ತೆರೆದರೆ ಕೊಳೆತ ಮೊಟ್ಟೆ ವಾಸನೆ. ಮಗುವಿಗೆ ಕುಡಿಸೋದು ಸುಲಭ ಅಲ್ಲ. ಅದು ರಕ್ತದ ಸೀಸ ಇಳಿಸುತ್ತೆ, ಜೀವ ಉಳಿಸುತ್ತೆ. ಹಾಳಾದ ಮಿದುಳನ್ನು ವಾಪಸ್ ತರಲ್ಲ. ಇನ್ನೊಂದು, ಮದ್ದು ಕೊಟ್ಟು ಅದೇ ಅಂಗಳಕ್ಕೆ ಮಗುವನ್ನು ವಾಪಸ್ ಬಿಟ್ಟರೆ ಮತ್ತೆ ಏರುತ್ತೆ. ತೂತು ಬಿಂದಿಗೆಗೆ ನೀರು ಹೊತ್ತ ಹಾಗೆ.

ಸಂಡೂರು_ಹುಡುಗ:
ಬೇಜಾರು ಮಾಡ್ಕೋಬೇಡಿ ಮೇಡಂ, ನೇರವಾಗಿ ಕೇಳ್ತೀನಿ. ನಾವು ಸಂಡೂರು ಕಡೆಯವರು ಕೆಂಪು ಧೂಳು ತಿಂದೇ ಬೆಳೆದವರು. ನಮ್ಮ ಗೋಳು ಬಿಟ್ಟು ಆಫ್ರಿಕಾದ ಗೋಳು ಯಾಕೆ? ಮತ್ತೆ, ಕೈ ಸೋಪಲ್ಲಿ ತೊಳೆದು ಊಟ ಮಾಡಿ ಅಂತ ತಾಯಂದಿರಿಗೆ ಹೇಳಿದರೆ ಅರ್ಧ ಸಮಸ್ಯೆ ಮುಗೀತಲ್ವಾ? ಸುಮ್ನೆ ಊರಿಗೂರೇ ಅಗೆಯೋದು ಆಗೋ ಹೋಗೋ ಮಾತಾ?

ಬೆಣ್ಣೆದೋಸೆ_ಡಾಕ್ಟ್ರು:
ತಮ್ಮಾ, ಕಬ್ಬಿಣದ ಅದಿರಿನ ಧೂಳೂ ಒಳ್ಳೆಯದಲ್ಲ, ಶ್ವಾಸಕೋಶ ಹಾಳು. ಆದರೆ ಸೀಸದ ಲೆಕ್ಕವೇ ಬೇರೆ. ಕಬ್ಬಿಣ ದೇಹಕ್ಕೆ ಬೇಕು. ಸೀಸ ಒಂದು ಚಿಟಿಕೆಯೂ ಬೇಡ. ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ.

ಮೇಷ್ಟ್ರಮಗಳು:
ಬೇಜಾರಿಲ್ಲ. ಕೈ ತೊಳೆಯೋ ಮಾತಿಗೆ ಮಾತ್ರ ಉತ್ತರ ಹೇಳುತ್ತೇನೆ. ಕಬ್ವೆಯ ತಾಯಂದಿರಿಗೆ ವರ್ಷಗಟ್ಟಲೆ ಹೇಳಿಕೊಂಡು ಬಂದಿರುವುದು ಇದೇ. ಕೈ ತೊಳೆಯಿರಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಮಗುವನ್ನು ಮಣ್ಣಲ್ಲಿ ಬಿಡಬೇಡಿ. ತಪ್ಪು ಅಂತ ಅಲ್ಲ. ಆದರೆ ಬೀದಿ ನಲ್ಲಿಯಿಂದ ಕೊಡದಲ್ಲಿ ನೀರು ಹೊರುವ ಮನೆಯಲ್ಲಿ, ಸೆಪ್ಟೆಂಬರ್ ಗಾಳಿಗೆ ಹಗ್ಗದ ಮೇಲಿನ ಬಟ್ಟೆಯೆಲ್ಲ ಕಂದು ಬಣ್ಣಕ್ಕೆ ತಿರುಗುವ ಊರಲ್ಲಿ, ದಿನಕ್ಕೆ ಎಷ್ಟು ಸಲ ಒರೆಸುತ್ತೀರಿ? ಮಗುವನ್ನು ಮಣ್ಣಲ್ಲಿ ಬಿಡದೆ ಎಲ್ಲಿ ಬಿಡೋದು, ನೆತ್ತಿ ಮೇಲಾ? ಕೊನೆಗೆ ಮಗುವಿನ ರಕ್ತ ಪರೀಕ್ಷೆಯಲ್ಲಿ 60 ಬಂದರೆ "ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ತಾಯಿ ತಲೆಗೇ ಬರುತ್ತೆ. ಗಣಿಯಿಂದ ದುಡ್ಡು ಮಾಡಿದವರ ತಲೆಗೆ ಬರಲ್ಲ.

ಕಾನೋ_ಕನ್ನಡಿಗ:
ನಾನು ನೈಜೀರಿಯಾದ ಕಾನೋದಲ್ಲಿ ಹತ್ತು ವರ್ಷ ಫ್ಯಾಕ್ಟರಿ ಮೇಂಟೆನೆನ್ಸ್‌ನಲ್ಲಿದ್ದೆ. ಊರಿಗೂರೇ ಅಗೆಯೋದು ಆಗೋ ಮಾತಾ ಅಂದರಲ್ಲ, ಆಗುತ್ತೆ ಬ್ರದರ್. ಆಗಿದೆ. ಜಂಫಾರಾ ರಾಜ್ಯದಲ್ಲಿ.

2010ರ ಶುರುವಿನಲ್ಲಿ ಅಲ್ಲಿ ಕೆಲವು ಹಳ್ಳಿಗಳಲ್ಲಿ ಮಕ್ಕಳು ಫಿಟ್ಸ್ ಬಂದು ಸಾಯುತ್ತಿದ್ದವು. ಜನ ಮಲೇರಿಯಾ ಅಂದುಕೊಂಡರು. ಗಡಿಯಿಲ್ಲದ ವೈದ್ಯರು, ಅದೇ ಎಂಎಸ್‌ಎಫ್, ಅವರಿಗೆ ಅನುಮಾನ ಬಂದು ರಕ್ತ ಪರೀಕ್ಷೆಗೆ ಕಳಿಸಿದರು. ಬಂದಿದ್ದು ಸೀಸ. ಕಡಿಮೆ ಅಂದರೂ 400 ಮಕ್ಕಳು ಸತ್ತವು ಅಂತ ಲೆಕ್ಕ.

ಆಗಿದ್ದೇನು ಅಂದರೆ, ಚಿನ್ನದ ರೇಟು ಏರಿತ್ತು. ಹಳ್ಳಿ ಜನ ಕಲ್ಲು ಅಗೆದು ತಂದು ಮನೆಯಲ್ಲೇ ಕುಟ್ಟಿ ಪುಡಿ ಮಾಡೋರು. ಜೋಳ ಬೀಸುವ ಗಿರಣಿಯಲ್ಲೇ ಕಲ್ಲನ್ನೂ ಬೀಸೋರು. ಅಲ್ಲಿನ ಹೆಂಗಸರು ಪರದೆ ಪಾಲಿಸುವವರು, ಹೊರಗೆ ಹೋಗಿ ದುಡಿಯುವ ಹಾಗಿಲ್ಲ, ಹಾಗಾಗಿ ಕುಟ್ಟೋ ಕೆಲಸ ಅಂಗಳದೊಳಗೇ ಬಂತು. ಆ ಕಲ್ಲಲ್ಲಿ ಚಿನ್ನಕ್ಕಿಂತ ಸೀಸವೇ ಜಾಸ್ತಿ. ಕೆಲವು ಮನೆಗಳ ಮಣ್ಣಿನಲ್ಲಿ ನೂರು ಕೇಜಿಗೆ ಹತ್ತು ಕೇಜಿ ಸೀಸ ಇತ್ತು. ಅಮೆರಿಕದವರು ಆಗ ಮನೆ ಮಣ್ಣಿಗೆ ಇಟ್ಟಿದ್ದ ಮಿತಿ ಹತ್ತು ಲಕ್ಷಕ್ಕೆ 400. ಇಲ್ಲಿ ಹತ್ತು ಲಕ್ಷಕ್ಕೆ ಒಂದು ಲಕ್ಷ. ಲೆಕ್ಕ ಹಾಕಿ.

ಕ್ಲೀನ್ ಮಾಡಿದ್ದು ಹೇಗೆ ಗೊತ್ತಾ? ದೊಡ್ಡ ಮಿಷನ್ನು ಏನೂ ಇಲ್ಲ. ಬ್ಲ್ಯಾಕ್‌ಸ್ಮಿತ್ ಇನ್ಸ್‌ಟಿಟ್ಯೂಟ್ (ಈಗ ಪ್ಯೂರ್ ಅರ್ಥ್ ಅಂತ ಹೆಸರು) ಮತ್ತು ಟೆರಾಗ್ರಾಫಿಕ್ಸ್ ಅಂತ ಅಮೆರಿಕದ ಐಡಾಹೋದ ಒಂದು ಕಂಪನಿ ಬಂದವು. ಐಡಾಹೋದಲ್ಲಿ ಬಂಕರ್ ಹಿಲ್ ಅಂತ ಇಂಥದ್ದೇ ಸೀಸದ ಊರು, ಅಲ್ಲಿ ಅಂಗಳ ಅಂಗಳ ಬದಲಾಯಿಸಿದ ಅನುಭವ ಅವರಿಗೆ. ಇಲ್ಲಿ ಅದೇ ಕೆಲಸ ಗುದ್ದಲಿ, ಚೀಲ, ಲಾರಿಯಲ್ಲಿ. ಗನ್ ಥರ ಒಂದು ಎಕ್ಸ್‌ರೇ ಮೀಟರ್ ಇರುತ್ತೆ, ನೆಲಕ್ಕೆ ಹಿಡಿದರೆ ಅಲ್ಲೇ ನಂಬರ್ ತೋರಿಸುತ್ತೆ. ಮೀಟರ್ ಹಿಡಿ, ಮೇಲಿನ ಒಂದೆರಡು ಇಂಚು ಮಣ್ಣು ಕೆರೆ, ಮತ್ತೆ ಹಿಡಿ, ನಂಬರ್ ಇಳಿಯದಿದ್ದರೆ ಇನ್ನೂ ಕೆರೆ. ಆಮೇಲೆ ಊರಾಚೆಯ ಒಳ್ಳೆ ಮಣ್ಣು ತಂದು ಹಾಸಿ ಗಟ್ಟಿ ಮಾಡು. ತೆಗೆದದ್ದನ್ನು ದೂರದಲ್ಲಿ ಗುಂಡಿ ತೋಡಿ ಹೂಳು. ಕೆಲಸ ಮಾಡಿದ್ದೆಲ್ಲ ಆ ಹಳ್ಳಿಗಳವರೇ, ಕೂಲಿ ಕೊಟ್ಟರು. ಮಳೆ ಬರೋದರೊಳಗೆ ಮುಗಿಸಬೇಕು, ಇಲ್ಲ ಅಂದರೆ ಕೆಸರು.

ಎಂಎಸ್‌ಎಫ್‌ನವರು ಒಂದು ವಿಷಯದಲ್ಲಿ ಗಟ್ಟಿ ಇದ್ದರು. ಅಂಗಳ ಕ್ಲೀನ್ ಆಗದೆ ಮದ್ದು ಶುರು ಮಾಡಲ್ಲ. ಡಾಕ್ಟ್ರು ಹೇಳಿದ್ದೇ ಕಾರಣ. ಮೊದಲು ದರೇಟಾ, ಯರ್ಗಲ್ಮಾ, ಆಮೇಲೆ ಇನ್ನೈದು ಹಳ್ಳಿ. ಎಲ್ಲಕ್ಕಿಂತ ದೊಡ್ಡದು ಬಗೇಗಾ. ಅಲ್ಲಿ ದುಡ್ಡು ಬರಲಿಲ್ಲ. 2012ರಲ್ಲಿ ಸರ್ಕಾರ 85 ಕೋಟಿ ನೈರಾ ಕೊಡ್ತೀವಿ ಅಂತು. ಫೈಲು ಓಡಾಡಿ ಓಡಾಡಿ ದುಡ್ಡು ಕೈಗೆ ಬಂದಿದ್ದು 2013ರ ಜನವರಿಯಲ್ಲಿ. ಅಲ್ಲಿಯವರೆಗೂ ಸಾವಿರಕ್ಕೂ ಜಾಸ್ತಿ ಮಕ್ಕಳು ಮದ್ದಿಲ್ಲದೆ ಅದೇ ಮಣ್ಣಲ್ಲಿ ಆಡಿಕೊಂಡಿದ್ದವು. ಮದ್ದು ಇತ್ತು, ಡಾಕ್ಟರು ಇದ್ದರು. ಕ್ಲೀನ್ ಅಂಗಳ ಇರಲಿಲ್ಲ.

ಸಂಡೂರು_ಹುಡುಗ:
ಅಯ್ಯೋ. ಸರಿ ಸರ್, ನನ್ನ ಮಾತು ವಾಪಸ್ ತಗೊಂಡೆ. ಆದರೆ ಚಿನ್ನ ಅಗೆಯೋದು ನಿಲ್ಲಿಸಿದರಾ?

ಕಾನೋ_ಕನ್ನಡಿಗ:
ಹೊಟ್ಟೆಪಾಡು, ಯಾರು ನಿಲ್ಲಿಸ್ತಾರೆ. ನಿಲ್ಲಿಸಿ ಅಂದರೆ ರಾತ್ರಿ ಕದ್ದು ಮಾಡ್ತಾರೆ, ಆಗ ಇನ್ನೂ ಕಷ್ಟ. ಕುಟ್ಟೋದನ್ನು ಊರಿಂದ ಆಚೆ ಇಟ್ಟುಕೊಳ್ಳಿ, ನೀರು ಹಾಕಿ ಒದ್ದೆ ಮಾಡಿ ಬೀಸಿ, ಮನೆಗೆ ಬರೋ ಮುಂಚೆ ಬಟ್ಟೆ ಬದಲಾಯಿಸಿ ಅಂತ ಕಲಿಸಿದರು. ಅದು ಕೇಳಿದರು. ಅಲ್ಲಿನ ಎಮಿರ್‌ಗಳ (ಸಾಂಪ್ರದಾಯಿಕ ಅರಸರು) ಮಾತಿಗೆ ಬೆಲೆ ಜಾಸ್ತಿ, ಅವರು ಒಪ್ಪಿದ್ದಕ್ಕೇ ಇಷ್ಟಾದರೂ ನಡೆಯಿತು.

ಬ್ಯಾಟರಿಅಂಗಡಿ_ಹುಬ್ಬಳ್ಳಿ:
ನಾ ಒಂದು ಮಾತು ಹೇಳಲೇನ್ರಿ? ಮೂವತ್ತು ವರ್ಷದಿಂದ ಬ್ಯಾಟರಿ ಅಂಗಡಿ ನಂದು. ಗಣಿ ಇಲ್ಲದ ಊರಲ್ಲೂ ಸೀಸ ಬರೋದು ನಮ್ಮ ದಂಧೆಯಿಂದ. ಜಗತ್ತಿನಲ್ಲಿ ತೆಗೆಯುವ ಸೀಸದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಬ್ಯಾಟರಿಗೇ ಹೋಗೋದು. ಒಂದು ಕಾರ್ ಬ್ಯಾಟರಿಯಲ್ಲಿ ಹತ್ತು ಕೇಜಿ ಹತ್ತಿರ ಸೀಸ. ಗುಜರಿಯವ ಕೊಡಲಿಯಿಂದ ಡಬ್ಬಿ ಒಡೀತಾನೆ, ಆಸಿಡ್ ಮೋರಿಗೆ ಸುರೀತಾನೆ, ಪ್ಲೇಟ್ ತೆಗೆದು ಬಾಣಲೆಯಲ್ಲಿ ಕಾಸ್ತಾನೆ. ಪ್ಲೇಟಿನ ಮೇಲಿನ ಬೂದು ಬಣ್ಣದ ಪೇಸ್ಟು ಇರ್ತದಲ್ಲ, ಅದು ಒಣಗಿದರೆ ಹಿಟ್ಟಿನಂಗ ಹಾರ್ತದ. ಮೊದಲು ನಾನೂ ಕೈಲೇ ಒರೆಸಿ ಅದೇ ಕೈಲೆ ಭಜಿ ತಿಂದವನೇ.

ಸೆನೆಗಲ್ ದೇಶದಲ್ಲಿ ಡಾಕಾರ್ ಪಕ್ಕ ಥಿಯರೋಯ್ ಅಂತ ಊರು. ಅಲ್ಲಿ ವರ್ಷಗಟ್ಟಲೆ ಬ್ಯಾಟರಿ ಒಡೆದು ಒಡೆದು ಬೀದಿ ಮರಳಿನಲ್ಲೇ ಸೀಸ ಬೆರೆತಿತ್ತು. ಸೀಸದ ರೇಟು ಏರಿದಾಗ ಜನ ಆ ಮರಳನ್ನೇ ಜರಡಿ ಹಿಡಿದು ಚೂರು ಆರಿಸಿ ಮಾರೋದು ಶುರು ಮಾಡಿದರು. ಹೆಂಗಸರು ಚೀಲ ಮನೆಗೆ ತಂದು, ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಜರಡಿ ಹಿಡಿಯೋರು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗ 18 ಮಕ್ಕಳು ಹೋದವು. ಒಂದೇ ಓಣಿಯವು ಅಂದಂಗ.

ಈಗ ಸೋಲಾರ್ ಬಂದದ. ಒಳ್ಳೇದೇ. ಆದರೆ ಮಲಾವಿಯಂಥ ದೇಶದಲ್ಲಿ ಮನೆ ಸೋಲಾರಿನ ಬ್ಯಾಟರಿ ವರ್ಷಕ್ಕೋ ಎರಡು ವರ್ಷಕ್ಕೋ ಕೆಡ್ತದ, ಸಂತೆಯಲ್ಲಿ ಕೂತು ಕುಡಗೋಲಿನಿಂದ ಕೊಯ್ದು ರಿಪೇರಿ ಮಾಡ್ತಾರ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಹೋಗಿ ತೂಗಿ ನೋಡಿದರೆ ಒಂದು ಬ್ಯಾಟರಿ ರಿಪೇರಿಯಲ್ಲಿ ಮೂರೂವರೆ ಕೇಜಿ ಮೇಲೆ ಸೀಸ ನೆಲಕ್ಕೆ ಬೀಳ್ತದಂತ. ಕಟ್ಟುನಿಟ್ಟು ಮಾಡಿ ಅಂತ ಬರೀ ಹೇಳಿದರೆ ಆಗೂದಿಲ್ರಿ. ಸರಿಯಾದ ಫ್ಯಾಕ್ಟರಿಯವ ಹಳೇ ಬ್ಯಾಟರಿಗೆ ಗುಜರಿಯವನಿಗಿಂತ ನಾಲ್ಕು ಕಾಸು ಜಾಸ್ತಿ ಕೊಟ್ಟರೆ ಮಾತ್ರ ಅದು ಅಲ್ಲಿಗೆ ಹೋಗ್ತದ. ಆಸಿಡ್ ಮೋರಿಗೆ ಚೆಲ್ಲೋವನಿಗೆ ಖರ್ಚಿಲ್ಲ, ಹೊಗೆ ಸೋಸುವವನಿಗೆ ಖರ್ಚು. ಇದು ನಮ್ಮ ದಂಧೆಯ ಒಳಮಾತು.

ಮೊಂಬಾಸಾ_ಸೊಸೆ:
ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಮದುವೆಯಾಗಿ ಬಂದಿದ್ದು ಕೀನ್ಯಾದ ಮೊಂಬಾಸಾಕ್ಕೆ. ಇಲ್ಲಿ ಒವಿನೋ ಉಹುರು ಅಂತ ಕೊಳೆಗೇರಿ, ಮೂರು ಸಾವಿರ ಜನ. ಅದರ ಗೋಡೆಗೆ ಗೋಡೆ ಹಚ್ಚಿ 2007ರಿಂದ ಹಳೇ ಬ್ಯಾಟರಿ ಕರಗಿಸುವ ಕಾರ್ಖಾನೆ ನಡೆಯಿತು. ಆಮೇಲೆ ಅಲ್ಲಿ ಕೆಲಸಕ್ಕೆ ಸೇರಿದವರು ಫಿಲಿಸ್ ಒಮಿಡೋ. ಅವರ ಮಗುವಿಗೆ ಜ್ವರ, ನಿದ್ದೆ ಇಲ್ಲ. ಮಲೇರಿಯಾ, ಟೈಫಾಯ್ಡ್ ಅಂತ ಏನೇನೋ ನೋಡಿದ ಮೇಲೆ ಗೊತ್ತಾಗಿದ್ದು ಸೀಸ ಅಂತ. ಮಗು ಕಾರ್ಖಾನೆಗೆ ಹೋಗಿರಲಿಲ್ಲ. ಹೋಗಿದ್ದು ತಾಯಿ. ಮೊಲೆಹಾಲಿನಲ್ಲಿ ಬಂದಿತ್ತು.

ಆ ಹೆಂಗಸು ಕೆಲಸ ಬಿಟ್ಟು ಬೀದಿಗಿಳಿದರು, ಜೈಲಿಗೆ ಹೋದರು. ಕಾರ್ಖಾನೆ 2014ರಲ್ಲಿ ಮುಚ್ಚಿತು, 2015ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2020ರ ಜುಲೈಯಲ್ಲಿ ಇಲ್ಲಿನ ಪರಿಸರ ಕೋರ್ಟು 130 ಕೋಟಿ ಶಿಲಿಂಗ್ ಪರಿಹಾರ ಕೊಡಿ, ನಾಲ್ಕು ತಿಂಗಳಲ್ಲಿ ಮಣ್ಣು ಶುದ್ಧ ಮಾಡಿ ಅಂತು. ಸರ್ಕಾರಿ ಇಲಾಖೆಗಳನ್ನೂ ಬಿಡಲಿಲ್ಲ. ಪರಿಸರ ಕಾಯಬೇಕಾದ ನೀಮಾ ಸಂಸ್ಥೆಯ ಮೇಲೇ ನೂರಕ್ಕೆ ನಲವತ್ತು ಪಾಲು ಹಾಕಿತು. ನಾವೆಲ್ಲ ಸಂಭ್ರಮ ಪಟ್ಟೆವು. 2023ರಲ್ಲಿ ಮೇಲಿನ ಕೋರ್ಟು ಅದನ್ನು ಬದಿಗಿಟ್ಟಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿ ಹಿಡಿಯಿತು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿ ಹತ್ತು ವರ್ಷ. ಮುಚ್ಚಿದ ದಿನ ಹುಟ್ಟಿದ ಮಗು ಅಷ್ಟೊತ್ತಿಗೆ ಐದನೇ ಕ್ಲಾಸು.

ಕರಿಕೋಟು:
ವಕೀಲನಾಗಿ ಒಂದು ಮಾತು. ಮೊಂಬಾಸಾದಲ್ಲಿ ಕಾರ್ಖಾನೆ ಕಣ್ಣ ಮುಂದೆ ಇತ್ತು, ಮುಚ್ಚಿದ್ದು ಮೊನ್ನೆ ಮೊನ್ನೆ. ಕಬ್ವೆಯಲ್ಲಿ ಯಾರನ್ನು ಹಿಡಿಯೋದು? 2020ರ ಅಕ್ಟೋಬರಿನಲ್ಲಿ ಕಬ್ವೆಯ ಹೆಂಗಸರು, ಮಕ್ಕಳ ಪರವಾಗಿ ಆಂಗ್ಲೋ ಅಮೆರಿಕನ್ ಸೌತ್ ಆಫ್ರಿಕಾ ಕಂಪನಿಯ ಮೇಲೆ ಜೋಹಾನ್ಸ್‌ಬರ್ಗ್ ಹೈಕೋರ್ಟಿನಲ್ಲಿ ಕೇಸು ಹಾಕಿದರು. 1925ರಿಂದ 1974ರವರೆಗೆ ಗಣಿಯ ವಿಷಯದಲ್ಲಿ ಅವರ ಕೈ ಇತ್ತು ಅನ್ನೋದು ವಾದ. ಕಂಪನಿ ಹೇಳೋದು ಏನಂದರೆ ಗಣಿ ನಮ್ಮದಲ್ಲ, ನಾವು ನಡೆಸಿಲ್ಲ, ನಮ್ಮದು ಸಣ್ಣ ಪಾಲು, ಆಮೇಲೆ ಇಪ್ಪತ್ತು ವರ್ಷ ನಡೆಸಿದ್ದು ಜಾಂಬಿಯಾ ಸರ್ಕಾರದ ಕಂಪನಿ. 2023ರ ಡಿಸೆಂಬರಿನಲ್ಲಿ ಹೈಕೋರ್ಟು ಕೇಸನ್ನು ಗುಂಪು ದಾವೆಯಾಗಿ ನಡೆಸಲು ಒಪ್ಪಲಿಲ್ಲ, 2024ರಲ್ಲಿ ಮೇಲ್ಮನವಿಗೆ ಅವಕಾಶ ಸಿಕ್ಕಿತು. ಸರ್ಕಾರದ ಪಾಲು ಇಲ್ಲ ಅಂತ ನಾನೂ ಹೇಳಲ್ಲ. ಆದರೆ "ಇಬ್ಬರದೂ ತಪ್ಪು" ಅನ್ನೋದು "ಯಾರೂ ಕೊಡಬೇಕಾಗಿಲ್ಲ" ಅಂತ ಆಗಬಾರದಲ್ವಾ. ನನ್ನ ಅನುಭವದಲ್ಲಿ ಹೆಚ್ಚಾಗಿ ಆಗೋದೇ ಅದು.

ಮೇಷ್ಟ್ರಮಗಳು:
ದುಡ್ಡಿನ ಮಾತು ಬಂತಲ್ಲ, ವಿಶ್ವಬ್ಯಾಂಕು ಸುಮ್ಮನೆ ಕೂತಿಲ್ಲ. 2003ರಿಂದ ಒಂದು ಯೋಜನೆ, 2016ರಲ್ಲಿ ಇನ್ನೊಂದಕ್ಕೆ ಒಪ್ಪಿಗೆ, ಅದು 6.56 ಕೋಟಿ ಡಾಲರಿನದು. ಕಾಲುವೆ ಸರಿ ಮಾಡಿದರು, ಮಕ್ಕಳಿಗೆ ರಕ್ತ ಪರೀಕ್ಷೆ, ಮದ್ದು ಕೊಟ್ಟರು. ಚೋವಾದಲ್ಲಿ ನೂರಕ್ಕೂ ಜಾಸ್ತಿ ಮನೆಗಳ ಅಂಗಳದ ಮಣ್ಣನ್ನು ಪ್ಯೂರ್ ಅರ್ಥ್‌ನವರು ಬದಲಾಯಿಸಿದರು. ಇದನ್ನು ಸಣ್ಣದು ಅನ್ನಲ್ಲ. ಆದರೆ ಆ ಕಪ್ಪು ಬೆಟ್ಟ ಬಯಲಲ್ಲೇ ಇದೆ. ಈ ಕಡೆ ಅಂಗಳ ಬದಲಾಯಿಸಿದರೆ ಆ ಕಡೆಯಿಂದ ಗಾಳಿ ಮತ್ತೆ ತಂದು ಹಾಕುತ್ತೆ. ಮೇಲಿಂದ ಆ ಕಸದಲ್ಲಿ ಉಳಿದಿರೋ ಸತು, ಸೀಸ ತೆಗೀತೀವಿ ಅಂತ ಲೈಸೆನ್ಸ್ ಕೊಟ್ಟು, ಮುಚ್ಚಬೇಕಾದ ಬೆಟ್ಟವನ್ನು ಮತ್ತೆ ಕೆದಕುತ್ತಿದ್ದಾರೆ. ಹ್ಯೂಮನ್ ರೈಟ್ಸ್ ವಾಚ್‌ನವರು 2025ರಲ್ಲಿ ಅದನ್ನೇ ಬರೆದಿದ್ದಾರೆ.

ಜಂಫಾರಾದಲ್ಲಿ ವಿಷ ಬರುತ್ತಿದ್ದುದು ಅಂಗಳದೊಳಗಿನ ಒರಳಿನಿಂದ. ಒರಳು ಆಚೆ ಹೋಯಿತು, ಅಂಗಳ ಶುದ್ಧವಾಯಿತು. ಕಬ್ವೆಯಲ್ಲಿ ಒರಳಿನ ಜಾಗದಲ್ಲಿ ಬೆಟ್ಟ ಇದೆ. ಮೊದಲು ಅದಕ್ಕೊಂದು ಹೊದಿಕೆ ಹಾಕಬೇಕು.

ಪೇಂಟುಪುರಾಣ:
ಎಲ್ಲಾ ಕಣ್ಣೀರೇ ಆಯಿತು, ಒಂದೆರಡು ಒಳ್ಳೆ ಸುದ್ದಿ ಸೇರಿಸುತ್ತೇನೆ. ಸಹಾರಾದ ಕೆಳಗಿನ ಆಫ್ರಿಕಾ ದೇಶಗಳು 2006ರ ಹೊತ್ತಿಗೇ ಸೀಸದ ಪೆಟ್ರೋಲ್ ಬಿಟ್ಟವು, ನಾವು 2000ದಲ್ಲಿ ಬಿಟ್ಟಿದ್ದೆವು. ಕೊನೆಯ ದೇಶ ಅಲ್ಜೀರಿಯಾ, 2021ರಲ್ಲಿ. ಅಲ್ಲಿಗೆ ಜಗತ್ತಿನ ಯಾವ ಪೆಟ್ರೋಲ್ ಬಂಕಿನಲ್ಲೂ ಇಲ್ಲ. ಪೇಂಟಿನದೂ ಹಾಗೇ. ಮಲಾವಿಯಲ್ಲಿ ಲೀಪ್ ಅಂತ ಸಣ್ಣ ಸಂಸ್ಥೆ ಅಂಗಡಿಯ ಡಬ್ಬಿಗಳನ್ನು ಕೊಂಡು ಪರೀಕ್ಷೆ ಮಾಡಿಸಿ, ಫಲಿತಾಂಶ ಸರ್ಕಾರದ ಮುಂದಿಟ್ಟಿತು. ಅಲ್ಲಿನ ಮಾನಕ ಸಂಸ್ಥೆ ತಪಾಸಣೆ ಶುರು ಮಾಡಿತು, ಕಂಪನಿಗಳು ಬಣ್ಣದ ಪುಡಿ ಬದಲಾಯಿಸಿದವು. ಹಳದಿ ಬಣ್ಣದಲ್ಲೇ ಸೀಸ ಜಾಸ್ತಿ ಇರೋದು ಅಂತ ಗಮನದಲ್ಲಿರಲಿ. ಬೆಟ್ಟ ಮುಚ್ಚೋದಕ್ಕೆ ಹೋಲಿಸಿದರೆ ಇದಕ್ಕೆ ಖರ್ಚು ಏನೂ ಅಲ್ಲ. ಮಣ್ಣಿಗೆ ಬೀಳೋ ಮುಂಚೆ ತಡೆಯೋದು ಯಾವಾಗಲೂ ಅಗ್ಗ.

ಅಂದಹಾಗೆ ಸೀಸದ ಕಡ್ಡಿ ಕಚ್ಚಬೇಡ ಅಂತ ಮನೇಲಿ ಬೈಯ್ತಾರಲ್ಲ, ಅದರಲ್ಲಿ ಸೀಸ ಇಲ್ಲ, ಗ್ರಾಫೈಟ್.

ಕಬ್ವೆಗೆ_ಹೊರಟವ:
ಇಷ್ಟು ಹೊತ್ತು ಓದುತ್ತಾ ಎದೆ ಡವಡವ ಅಂತಿದೆ. ನನಗೆ ಅಲ್ಲೇ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡಬೇಕು. ಎರಡು ವರ್ಷದ ಮಗಳಿದ್ದಾಳೆ. ಕರೆದುಕೊಂಡು ಹೋಗಲೋ ಬೇಡವೋ?

ಬೆಣ್ಣೆದೋಸೆ_ಡಾಕ್ಟ್ರು:
ಹೋಗೋ ಮುಂಚೆ ಒಂದು ಸಲ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ, ಆಮೇಲೆ ಹೋಲಿಸಕ್ಕೆ ಬೇಕಾಗುತ್ತೆ. ಬೆಂಗಳೂರಿನಲ್ಲಿ ಆಗುತ್ತೆ. ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರಿಂದಾಗಿ ಈ ವಿಷಯದಲ್ಲಿ ಆ ಊರಲ್ಲಿ ತುಂಬಾ ಕೆಲಸ ಆಗಿದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಅದನ್ನು ಮೊದಲು ಸರಿ ಮಾಡಿ. ಅಲ್ಲಿಗೆ ಹೋದ ಮೂರು ತಿಂಗಳಿಗೆ ಮತ್ತೊಮ್ಮೆ ನೋಡಿಸಿ. ಖಾಲಿ ಹೊಟ್ಟೆಯಲ್ಲಿ ಆಡಲು ಬಿಡಬೇಡಿ.

ಮೇಷ್ಟ್ರಮಗಳು:
ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ ಬೀಸುತ್ತೆ. ಅದಕ್ಕೇ ಗಣಿಯ ಪಶ್ಚಿಮಕ್ಕಿರುವ ಬಡಾವಣೆಗಳಲ್ಲಿ ಜಾಸ್ತಿ. ಮನೆ ಪೂರ್ವಕ್ಕೆ, ಆದಷ್ಟು ದೂರಕ್ಕೆ ನೋಡಿ. ಕಂಪನಿ ಕೊಟ್ಟದ್ದಕ್ಕೆಲ್ಲ ಹೂಂ ಅನ್ನಬೇಡಿ.

ಕಬ್ವೆಗೆ_ಹೊರಟವ:
ಥ್ಯಾಂಕ್ಸ್ ಅಕ್ಕ. ಎರಡು ಮನೆಯ ಫೋಟೋ ಕಳಿಸಿದ್ದಾರೆ, ಎರಡೂ ಪೂರ್ವಕ್ಕೇ. ಒಂದು ತುಂಬಾ ನೀಟಾಗಿದೆ, ಅಂಗಳದಲ್ಲಿ ಒಂದು ಕಸ ಇಲ್ಲ, ದಿನಾ ಗುಡಿಸಿ ಇಟ್ಟಿದ್ದಾರೆ. ಇನ್ನೊಂದರಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿದೆ, ಹೆಂಡತಿ ಬೇಡ ಅಂತಿದ್ದಾಳೆ.

ಮೇಷ್ಟ್ರಮಗಳು:
ಹುಲ್ಲಿರೋದು ತಗೊಳ್ಳಿ, ಹುಲ್ಲಿದ್ದರೆ ಧೂಳು ಏಳಲ್ಲ. ಹಾವು ಬರದ ಹಾಗೆ ಕತ್ತರಿಸಿ ಗಿಡ್ಡ ಮಾಡಿಸಿ, ಬುಡ ಕೀಳಿಸಬೇಡಿ.